ಮರಳಿಸದ ಕೋಟು

ಆಮ್ಲಜನಕದ ಸಿಲಿಂಡರ್ ತುಂಬಿಸಲು ಮೂವತ್ತು ಸಾವಿರ ತೋಮಾನ್. ಇನ್ಹೇಲರಿಗೆ ನಲವತ್ತೈದು. ಹೆಂಗಸರು ಹೊದೆಯುವ ಒಂದು ಚಾದರ ಹೊಲಿದುಕೊಟ್ಟರೆ ಫರಂಗೀಸಳ ಕೈಗೆ ಬರುವುದು ಹದಿನೈದು. ಓಡಾಟಕ್ಕೆ ಮಾತ್ರ ಖರ್ಚಿಲ್ಲ. ಕಾರು ಅಪ್ಪನ ಯುದ್ಧಕಾಲದ ಗೆಳೆಯ ನುಸ್ರತ್ ಚಿಕ್ಕಪ್ಪನದು.

"ನಿಮ್ಮಪ್ಪ ಸಿಗರೇಟು ಸೇದ್ತಿದ್ರಾ?" ಕಿಟಕಿಯಾಚೆಯಿಂದ ಗುಮಾಸ್ತ ಸಲೀಮಿ ಮತ್ತೆ ಕೇಳಿದ.

"ವಿಷದ ಹೊಗೆ ಕುಡಿದವರು ಸಿಗರೇಟು ಯಾಕೆ ಸೇದ್ತಾರೆ, ಅಣ್ಣಾ?"

"ಕುಡಿದ್ರು ಅಂತ ನೀವು ಹೇಳ್ತಿದ್ದೀರಿ ತಂಗೀ. ಕಾಗದ ಹೇಳಬೇಕು."

ಬುರೂಜೆರ್ದಿನ ಆ ಮಾಜಿ ಯೋಧರ ಕಚೇರಿಯಲ್ಲಿ ಅವಳ ಅಪ್ಪ ಯದೊಲ್ಲಾ ಇರಾಕ್ ಜೊತೆಗಿನ ಯುದ್ಧಕ್ಕೆ ಹೋಗಿದ್ದ ಎಂಬುದಕ್ಕೆ ದಾಖಲೆ ಇತ್ತು. ಗಾಯಗೊಂಡ ಎಂಬುದಕ್ಕೆ ಇರಲಿಲ್ಲ. ವಿಷಾನಿಲದ ದಾಳಿಯಾದ ರಾತ್ರಿ ಮಜ್ನೂನ್ ದ್ವೀಪದ ಚಿಕಿತ್ಸಾ ಡೇರೆಯಲ್ಲಿ ಬರೆದ ಚೀಟಿ ಬೇಕು. ಅದಿಲ್ಲದೆ ಅಂಗವಿಕಲನೆಂಬ ಮಾನ್ಯತೆ ಇಲ್ಲ. ಮಾನ್ಯತೆ ಇಲ್ಲದೆ ಟೆಹ್ರಾನಿನ ಶ್ವಾಸಕೋಶದ ಆಸ್ಪತ್ರೆಯಲ್ಲಿ ಹಾಸಿಗೆ ಇಲ್ಲ. ಹೀಗೇ ಬಿಟ್ಟರೆ ಈ ಚಳಿಗಾಲ ದಾಟುವುದಿಲ್ಲ ಎಂದು ಊರಿನ ಡಾಕ್ಟರು ಹೇಳಿಯಾಗಿತ್ತು.

"ಗೋದಾಮಿನಿಂದ ಆ ದ್ವೀಪದ ಚೀಟಿಗಳ ಮೂಟೆ ಬಂದಿದೆ. ಶನಿವಾರ ಬನ್ನಿ. ಸಿಕ್ಕಿದ್ರೆ ನಿಮ್ಮ ಪುಣ್ಯ."

ಚಿಕ್ಕಪ್ಪ ಕಾರಿನಲ್ಲೇ ಕೂತು ರೇಡಿಯೊ ಕೇಳುತ್ತಿದ್ದರು. ಎಲ್ಲ ಕಚೇರಿಗೂ ಕರೆತಂದರು, ಒಂದರ ಒಳಗೂ ಕಾಲಿಡಲಿಲ್ಲ. "ಕಚೇರಿ ಮೆಟ್ಟಿಲು ಕಂಡ್ರೇನೇ ಈ ಕಾಲು ನೋಯುತ್ತೆ ಕಣಮ್ಮ" ಎನ್ನುತ್ತಿದ್ದರು. ಒಂದು ಕಾಲು ಕುಂಟು. ಪಿಂಚಣಿ, ಅಗ್ಗದ ಕಾರು, ಮಗನಿಗೆ ಕಾಲೇಜಿನ ಸೀಟು, ಎಲ್ಲ ಆ ಕಾಲಿನ ದೆಸೆಯಿಂದ ಎಂದು ಬೀದಿಯೇ ಹೇಳುತ್ತಿತ್ತು. ಫರಂಗೀಸ್ ಹೊಟ್ಟೆಕಿಚ್ಚು ಪಟ್ಟವಳಲ್ಲ. ಅವರೂ ಯುದ್ಧ ಕಂಡವರು.

"ಚೀಟಿಗಳ ಮೂಟೆ ಬಂತಂತೆ ಚಿಕ್ಕಪ್ಪ! ಮಜ್ನೂನಿಂದು."

ಬೀಗದಕೈ ಹಾಕಿದ ಅವರ ಕೈ ಅದನ್ನು ತಿರುಗಿಸದೆ ಅಲ್ಲೇ ನಿಂತಿತು.

"ಒಳ್ಳೇದಾಯ್ತು" ಎಂದು ರೇಡಿಯೊ ಆರಿಸಿದರು.

ತುಂಬಿದ ಸಿಲಿಂಡರನ್ನು ಹೆಗಲ ಮೇಲೆ ಹೊತ್ತು ಅವರೇ ಮೇಲಿನ ಮಹಡಿಗೆ ತಂದರು. ಕಾಲು ಕುಂಟುತ್ತಿತ್ತು, ಉಸಿರು ಕುಂಟಲಿಲ್ಲ.

"ಕುದುರೆ ಎದೆ ಕಣೇ ಇವನದು" ಎಂದು ಯದೊಲ್ಲಾ ಹಾಸಿಗೆಯಿಂದಲೇ ನಕ್ಕ. "ಅರ್ಧ ನನಗೆ ಕೊಡೋ, ಮಾರಾಯ."

ಚಹಾ ಬರುವುದರೊಳಗೆ ಆ ಹಳೆಯ ಕಥೆ ಶುರುವಾಯಿತು. ಉಸಿರಿಗಾಗಿ ನಿಲ್ಲುತ್ತ, ಅವನು ಅದನ್ನು ಪ್ರತಿ ಸಲವೂ ಹೇಳುತ್ತಿದ್ದ.

"ದೋಣಿಯಿಂದ ನೀರಿಗೆ ಬಿದ್ದೆ... ಕೊರೆಯೋ ಚಳಿ. ಇವನು ತನ್ನ ಒಣ ಕೋಟು ಬಿಚ್ಚಿ ನನಗೆ ಹಾಕಿದ. ಜ್ವರ ಬಂದಿತ್ತು ಇವನಿಗೆ, ಅದೇ ದೋಣೀಲಿ ವಾಪಸ್ ಕಳಿಸಿದ್ರು. ಬೆಳಗಿನ ಜಾವ ಗಾಳೀಲಿ ಬೆಳ್ಳುಳ್ಳಿ ವಾಸನೆ ಬಂತು, ವಿಷಾನಿಲದ್ದು... ಆಮೇಲೆ ಏನೂ ಗೊತ್ತಿಲ್ಲ. ಕಣ್ಣು ಬಿಟ್ಟಾಗ ಟೆಹ್ರಾನಿನ ಒಂದು ದೊಡ್ಡ ಹಾಲು, ಸಾಲು ಸಾಲು ಜನ. ಯಾರ ಹೆಸರು ಯಾರು ಕೇಳ್ತಾರೆ? ವಿಷ ಅಂಟಿದೆ ಅಂತ ಬಟ್ಟೆಯೆಲ್ಲ ಸುಟ್ಟಿದ್ರಂತೆ. ಇವನ ಕೋಟು ವಾಪಸ್ ಕೊಡೋಕೆ ಆಗ್ಲೇ ಇಲ್ಲ."

"ಬಿಡೋ" ಎಂದರು ಚಿಕ್ಕಪ್ಪ. ಪ್ರತಿ ಸಲವೂ ಅಷ್ಟೇ ಹೇಳುತ್ತಿದ್ದರು.

ಜೊತೆಗಾರರ ಸಾಕ್ಷಿಯಾದರೂ ಆದೀತು ಎಂದು ಸಲೀಮಿ ಹಿಂದೊಮ್ಮೆ ಹೇಳಿದ್ದ. ಉಳಿದಿದ್ದ ಜೊತೆಗಾರ ಇವರೊಬ್ಬರೇ. ಕೇಳಿದಾಗ ಚಿಕ್ಕಪ್ಪ ಅಡ್ಡ ತಲೆಯಾಡಿಸಿದ್ದರು. "ಆ ರಾತ್ರಿ ನಾನಲ್ಲಿ ಇರಲೇ ಇಲ್ಲವಲ್ಲಮ್ಮ. ದೇವರ ಮುಂದೆ ಸುಳ್ಳು ಸಾಕ್ಷಿ ಹೇಗೆ ಹೇಳಲಿ?" ಅಪ್ಪನಿಗೆ ಅದು ಮೆಚ್ಚುಗೆಯಾಗಿತ್ತು. "ನೇಮದ ಮನುಷ್ಯ" ಎಂದಿದ್ದ.

ಬುಧವಾರ ಸಂಜೆ ಚಿಕ್ಕಪ್ಪ ಮತ್ತೆ ಬಂದರು. ಕರ್ಬಲಾ ಯಾತ್ರೆಗೆ ಹೊರಟಿದ್ದರು.

"ಇದ್ದಕ್ಕಿದ್ದಂತೆ ಇದೇನೋ?"

"ಕರೆ ಬಂತು, ಹೊರಟೆ." ಅವರು ಅಪ್ಪನ ಎರಡೂ ಕೈ ಹಿಡಿದರು. "ಯದೊಲ್ಲಾ, ನನ್ನಿಂದ ತಪ್ಪಾಗಿದ್ರೆ ಹಲಾಲ್ ಮಾಡು. ಗೊತ್ತಿರೋದು, ಗೊತ್ತಿಲ್ಲದ್ದು, ಎಲ್ಲಾ."

ಯಾತ್ರೆಗೆ ಹೊರಟವರು ಮನೆಮನೆಗೆ ಹೋಗಿ ಹೀಗೆ ಕೇಳುವುದು ರೂಢಿ. ಏನು ತಪ್ಪು ಎಂದು ಯಾರೂ ವಿಚಾರಿಸುವುದಿಲ್ಲ. ಹಲಾಲ್ ಎಂದುಬಿಟ್ಟರೆ ಕ್ಷಮಿಸಿದಂತೆ, ಋಣ ತೀರಿದಂತೆ. ಆ ಮಾತನ್ನು ಹಿಂದಕ್ಕೆ ಪಡೆಯುವಂತಿಲ್ಲ.

"ಕೋಟು ಕೊಡದೆ ಇರೋನು ನಾನು. ನೀನು ನನ್ನನ್ನ ಹಲಾಲ್ ಮಾಡಬೇಕು ಕಣೋ!"

"ನಗಬೇಡ. ಬಾಯಿಬಿಟ್ಟು ಹೇಳು."

"ಹಲಾಲ್ ಮಾರಾಯ, ಹಲಾಲ್! ತಾಯಿ ಹಾಲಿನಷ್ಟು ಹಲಾಲ್. ಅಲ್ಲಿ ನನ್ನ ಎದೆಗೂ ಒಂದು ಪ್ರಾರ್ಥನೆ ಮಾಡು."

ಚಿಕ್ಕಪ್ಪ ಚಹಾ ಕುಡಿಯದೆ ಎದ್ದುಹೋದರು.

ಶನಿವಾರ ಫರಂಗೀಸ್ ಬಸ್ಸಿನಲ್ಲಿ ಹೋದಳು. ಸಲೀಮಿ ಈ ಸಲ ಅವಳನ್ನು ಒಳಗೆ ಕರೆದು ಕುರ್ಚಿ ಕೊಟ್ಟ.

"ನಿಮ್ಮಪ್ಪ ಹೇಳಿದ್ದು ನಿಜ, ತಂಗೀ. ಅದೇ ರಾತ್ರಿ, ಅದೇ ತುಕಡಿ. ವಿಷಾನಿಲ ತಗುಲಿ ಪ್ರಜ್ಞೆ ತಪ್ಪಿದ್ದವರು ಒಬ್ಬರೇ. ಎದೆ, ಕಣ್ಣು, ಎಲ್ಲಾ ಬರೆದಿದ್ದಾರೆ."

"ದೇವರು ದೊಡ್ಡವನು!"

"ಆದ್ರೆ ಈ ಚೀಟಿ ಮೇಲೆ ಇಷ್ಟು ವರ್ಷದಿಂದ ಬೇರೆಯವರು ಪಿಂಚಣಿ ತಗೋತಿದ್ದಾರೆ. ಕಾಲಿಗಲ್ಲ, ಎದೆಗೆ." ಅವನು ಕನ್ನಡಕ ತೆಗೆದ. "ಮಾತಾಡೋ ಸ್ಥಿತೀಲಿ ಇರಲಿಲ್ಲವಲ್ಲ. ಕೋಟಿನ ಜೇಬಿನೊಳಗೆ ಇದ್ದ ಹೆಸರನ್ನೇ ಬರಕೊಂಡಿದ್ದಾರೆ. ನುಸ್ರತುಲ್ಲಾ ಬಹಾರ್‌ವಂದ್."

ಅದು ಚಿಕ್ಕಪ್ಪನ ಪೂರ್ತಿ ಹೆಸರು.

"ಒಂದು ಚೀಟಿಗೆ ಒಬ್ಬರೇ. ನಿಮ್ಮಪ್ಪ ಬಂದು ದೂರು ಕೊಡಬೇಕು. ದೊಡ್ಡದೇನಲ್ಲ. ಪವಿತ್ರ ಗ್ರಂಥದ ಮೇಲೆ ಕೈಯಿಟ್ಟು ಒಂದು ಮಾತು: ಈತ ನನ್ನ ಹಕ್ಕು ತಿಂದ, ನಾನದನ್ನ ಇವನಿಗೆ ಹಲಾಲ್ ಮಾಡಿಲ್ಲ ಅಂತ."

ದಾಖಲೆ ಸಿಕ್ಕಿತು, ಆದರೆ ಹಕ್ಕನ್ನು ಅಪ್ಪ ಬುಧವಾರ ಸಂಜೆಯೇ, ನಗುನಗುತ್ತ, ಹಲಾಲ್ ಮಾಡಿ ಕೊಟ್ಟುಬಿಟ್ಟಿದ್ದ.