ಕುಕ್ಕರ್ ಕೇಳಿದ ಪ್ರಶ್ನೆ

ಇದು ನಿಜವಾಗಿ ನಡೆದದ್ದು. ನಂಬದಿದ್ದರೆ ಪಂಕಜಾಕ್ಷಿಯ ಕುಕ್ಕರನ್ನೇ ಕೇಳಿ. ವಕೀಲಿಕೆಯ ಪರೀಕ್ಷೆ ಈಗ ಮನೆಗೇ ಬರುತ್ತದೆ. ಹೇಳದೆ ಕೇಳದೆ ಒಂದು ದಿನ, ಅಡುಗೆಮನೆಯ ಯಾವುದೋ ಪಾತ್ರೆಯೊಳಗಿಂದ ಪರೀಕ್ಷಕರ ದನಿ ಒಂದೇ ಒಂದು ಪ್ರಶ್ನೆ ಕೇಳುತ್ತದೆ. ಆ ದನಿಗೆ ಹೆದರಿ ತೊದಲಿ ಪಂಕಜಾಕ್ಷಿ ಎರಡು ಸಲ ಫೇಲಾಗಿದ್ದಳು. ಮೂರನೆಯದೇ ಕೊನೆಯ ಅವಕಾಶ. ತಮ್ಮ ಶ್ರೀಕಂಠನೋ, ಬಾಗಿಲ ಮರೆಯಲ್ಲಿ ನಿಂತು ದಿನಾ ಅದೇ ದನಿಯನ್ನು ಅಣಕಿಸಿ ಪ್ರಶ್ನೆ ಕೇಳಿ ಕಾಡುತ್ತಿದ್ದ.

ಇವತ್ತು ಕುಕ್ಕರ್ ಗಂಭೀರವಾಗಿ ಕೇಳಿತು: "ಪೊಲೀಸರೆದುರಿನ ತಪ್ಪೊಪ್ಪಿಗೆ ಸಾಕ್ಷ್ಯವಾಗುತ್ತದೆಯೇ?"

"ಆರೋಪಿಯ ವಿರುದ್ಧ ಅದು ನಿಲ್ಲಲ್ಲ ಕಣೋ, ಕತ್ತೆ! ಬೇಳೆ ಬೇಯೋವರೆಗಾದ್ರೂ ಬಾಯಿ ಮುಚ್ಚು," ಎಂದು ಪಂಕಜಾಕ್ಷಿ ತಿರುಗಿಯೂ ನೋಡದೆ ಬಾಗಿಲ ಕಡೆಗೆ ರೇಗಿದಳು.

ಅಷ್ಟರಲ್ಲಿ ಶ್ರೀಕಂಠ ಕೊತ್ತಂಬರಿ ಕಟ್ಟು ಹಿಡಿದು ಬೀದಿಯಿಂದ ಒಳಬಂದ. "ಯಾರಿಗಕ್ಕಾ ಬೈತಿದೀಯ?"

ಪಂಕಜಾಕ್ಷಿಯ ಕೈಯಿಂದ ಸೌಟು ಜಾರಿತು.

"ಉತ್ತರ ಸರಿ, ಪಾಸಾದಿರಿ," ಎಂದಿತು ಕುಕ್ಕರ್. "ಇನ್ನು ಬಾಯಿ ಮುಚ್ಚುತ್ತೇನೆ."

ಶ್ರೀಕಂಠ ನಕ್ಕ; ಆದರೆ ಬೀದಿಗೆಲ್ಲ ಕೇಳುವಂತೆ ನಕ್ಕವಳು ಪಂಕಜಾಕ್ಷಿ.