ಫೆಬ್ರವರಿ ಇಪ್ಪತ್ತೊಂಬತ್ತು

ಅಂಬತ್ತೂರಿನ ರಕ್ತನಿಧಿಯಿಂದ ಡಾಕ್ಟರ್ ಅಂಬುಜಾ ಫೋನ್ ಮಾಡಿದಾಗ ತೇಜಶ್ರೀ ಹೈಕೋರ್ಟಿನ ಕಾರಿಡಾರಿನಲ್ಲಿ ನಿಂತಿದ್ದಳು. ಅವತ್ತೂ ವಾಯಿದೆ ಮುಂದಕ್ಕೆ ಹೋಗಿತ್ತು. ಅಂಬುಜಾ ಹೇಳಿದ ಸುದ್ದಿ ಇದು: ಈ ವರ್ಷದ ಫೆಬ್ರವರಿಗೆ ಇಪ್ಪತ್ತೊಂಬತ್ತು ದಿನ ಎಂಬುದು ರಕ್ತದ ಅವಧಿ ಲೆಕ್ಕಹಾಕುವ ಕಂಪ್ಯೂಟರ್ ಪ್ರೋಗ್ರಾಮಿಗೆ ತಿಳಿದಿಲ್ಲ. ಅವಧಿ ಮುಗಿದ ರಕ್ತಕ್ಕೆ ಇನ್ನೂ ಒಂದು ದಿನ ಬಾಕಿ ಇದೆಯೆಂದು ತೋರಿಸಿದೆ. ಚೀಲ ಆಪರೇಷನ್ ಥಿಯೇಟರಿನ ಬಾಗಿಲವರೆಗೂ ಹೋಗಿ, ನರ್ಸ್ ಒಬ್ಬಳಿಗೆ ಅನುಮಾನ ಬಂದು ವಾಪಸಾಗಿದೆ.

ಆ ಪ್ರೋಗ್ರಾಂ ಬರೆದವರು ತೇಜಶ್ರೀ ಮತ್ತು ಅವಳ ಪಾಲುದಾರ ವರುಣ್. ಪಾಲುದಾರಿಕೆ ಮುರಿದಾಗ ಅದು ಯಾರದೆಂಬ ಜಗಳ ಹುಟ್ಟಿತು. ವರುಣ್ ಕೋರ್ಟಿಗೆ ಹೋಗಿ, ತೀರ್ಪು ಬರುವವರೆಗೆ ಇಬ್ಬರೂ ಅದನ್ನು ಮುಟ್ಟಕೂಡದೆಂದು ತಡೆಯಾಜ್ಞೆ ತಂದ. ತಕರಾರು ಬಂದರೆ ಮಧ್ಯಸ್ಥಗಾರರ ಮುಂದೆ ಕೂತು ತೀರಿಸಿಕೊಳ್ಳಬೇಕೆಂದು ಕರಾರಿನಲ್ಲೇ ಇದೆಯಲ್ಲ ಎಂದು ತೇಜಶ್ರೀ ಪಟ್ಟು ಹಿಡಿದಳು. ಅಂದಿನಿಂದ ನಡೆಯುತ್ತಿದ್ದ ವಾದ ಒಂದೇ: ಕೇಸು ಕೋರ್ಟಿನದೋ, ಮಧ್ಯಸ್ಥರದೋ. ಪ್ರೋಗ್ರಾಂ ಯಾರದೆಂದು ಇದುವರೆಗೆ ಒಬ್ಬರೂ ಕೇಳಿರಲಿಲ್ಲ.

ಪಕ್ಕದಲ್ಲೇ ಇದ್ದ ಅವಳ ವಕೀಲ ಜಯರಾಮ, ಮುಟ್ಟಿದರೆ ನ್ಯಾಯಾಂಗ ನಿಂದನೆಯಾಗುತ್ತದೆ ಎಂದರು. ಅನುಮತಿಗೆ ಅರ್ಜಿ ಹಾಕಬಹುದು, ಆದರೆ ಎದುರು ಪಕ್ಷ ಆಕ್ಷೇಪ ಎತ್ತಿದರೆ ಬೇಸಿಗೆ ರಜೆ ದಾಟೀತು.

"ರಕ್ತಕ್ಕ ವಾಯಿದೆ ಕೊಡಾಕ ಬರ್ತದೇನ್ರೀ ಸರ್?" ಎಂದವಳೇ ಅವರ ಉತ್ತರಕ್ಕೂ ಕಾಯದೆ ಆಟೋ ಹತ್ತಿದಳು.

ರಕ್ತನಿಧಿಯಲ್ಲಿ ವರುಣ್ ಆಗಲೇ ಬಂದು ಕೂತಿದ್ದ. ಅಂಬುಜಾ ಅವನನ್ನೂ ಕರೆಸಿದ್ದರು. ತಿದ್ದಬೇಕಾದ್ದು ನಾಲ್ಕು ಸಾಲು. ಆದರೆ ಮೊದಲು ಮುಟ್ಟಿದವರ ಮೇಲೆ ಇನ್ನೊಬ್ಬರು ದೂರು ಕೊಟ್ಟರೆ? ಇಬ್ಬರೂ ಕೈಕಟ್ಟಿ ಕೀಬೋರ್ಡನ್ನೇ ನೋಡುತ್ತಿದ್ದರು.

"ಹೊರಗೆ ಪೇಷೆಂಟ್ ಕಡೆಯವರು ಕಾಯ್ತಿದ್ದಾರೆ. ಬೇಗ, ಸೀಕ್ರಂ ಮುಗಿಸಿ," ಎಂದರು ಅಂಬುಜಾ.

ತೇಜಶ್ರೀಗೆ ರೇಗಿಹೋಯಿತು. ಕುರ್ಚಿ ಎಳೆದುಕೊಂಡಳು. "ನೀ ಹೇಳು, ನಾ ಟೈಪ್ ಮಾಡ್ತೀನಿ. ಜೈಲಿಗೆ ಹೋದ್ರ ಇಬ್ರೂ ಹೋಗೂಣು."

ವರುಣ್ ಹೇಳಿದ, ಅವಳು ಬರೆದಳು. ಒಂದೆಡೆ ಅವನು ತಪ್ಪಿದ, ಅವಳು ತಿದ್ದಿದಳು, ಅವನು ತಲೆಯಾಡಿಸಿದ. ಚಹಾ ಬರುವಷ್ಟರಲ್ಲಿ ಕೆಲಸ ಮುಗಿದಿತ್ತು. ಲೋಟ ಕೆಳಗಿಡುತ್ತ ವರುಣ್, ಸಾಕಾಗಿದೆ, ಮಧ್ಯಸ್ಥರ ಹತ್ತಿರವೇ ಹೋಗೋಣ ಎಂದ. ಅವಳಿಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ.

ಮುಂದಿನ ವಾಯಿದೆಗೆ ಇಬ್ಬರೂ ಒಟ್ಟಿಗೇ ಹೋಗಿ, ತಿದ್ದಿದ್ದನ್ನು ಒಪ್ಪಿಕೊಂಡು, ತಮ್ಮನ್ನು ಮಧ್ಯಸ್ಥರ ಬಳಿ ಕಳಿಸಬೇಕೆಂದು ನ್ಯಾಯಾಧೀಶರಿಗೆ ಕೈಮುಗಿದರು. ಕೂಡಲೇ ಎರಡೂ ಕಡೆಯ ವಕೀಲರು ಗಡಬಡಿಸಿ ಎದ್ದು, ಕಕ್ಷಿಗಾರರ ಜೊತೆ ಮಾತಾಡಲು ಕಾಲಾವಕಾಶ ಬೇಕೆಂದರು. ಇಡೀ ಮೊಕದ್ದಮೆಯಲ್ಲಿ ಆ ಇಬ್ಬರು ವಕೀಲರೂ ಒಮ್ಮತದಿಂದ ಆಡಿದ ಮೊದಲ ಮಾತು ಅದು.