ವ್ಯಾನಿನೊಳಗಿನ ಇಲಿಬೋನು

ಬ್ಯಾಟರಿಯ ಹುಳಿ ವಾಸನೆ ಬಂದರೆ ಈಗಲೂ ಎದ್ದು ಹೋಗಿ ಕಾರಿನ ಸ್ವಿಚ್ಚುಗಳನ್ನು ಮೂರು ಸಲ ನೋಡುತ್ತೇನೆ, ಹೆಂಡತಿ ನಗುತ್ತಾಳೆ.

ಅಪ್ಪ ಕಾಲುವೆ ಊರುಗಳಲ್ಲಿ ಪಂಪು ರಿಪೇರಿ ಮಾಡುತ್ತಿದ್ದ. ನಮ್ಮ ಸಂಸಾರವೆಲ್ಲ ಹಳೆಯ ವ್ಯಾನಿನಲ್ಲೇ. ಶ್ರೀರಾಮನಗರದಲ್ಲಿ ಒಂದು ಮಧ್ಯಾಹ್ನ ಜ್ವರ ಏರಿ ತಂಗಿಯ ಕೈಕಾಲು ಸೆಟೆದವು. ಕೀಲಿ ತಿರುವಿದರೆ ವ್ಯಾನು ಟಕ್ ಎಂದು ಸುಮ್ಮನಾಯಿತು. ಕೆಸರಿನಲ್ಲಿ ನೂಕಲೂ ಆಗಲಿಲ್ಲ. ಅಪ್ಪ ಬ್ಯಾಟರಿಯ ಬಿಳಿ ಪುಡಿ ಕೆರೆದ, ಬಿಸಿನೀರು ಹೊಯ್ದ.

"ಊರ ಮೋಟರೆಲ್ಲಾ ರಿಪೇರಿ ಮಾಡ್ತೀರಿ, ಇದಕ್ಕೇನಾಗೇತ್ರಿ?" ಅವ್ವ ಅತ್ತಳು.

ಬ್ಯಾಟರಿ ಇಳಿಯುತ್ತದೆ, ಇಂಜಿನ್ ನಿಂತಾಗ ಹಾಕಬಾರದು ಎಂದು ಅಪ್ಪ ಹೇಳಿದ್ದ ಫ್ಯಾನನ್ನು ನಾನು ಬೆಳಗಿನಿಂದ ಹಾಕಿಕೊಂಡು ಮಲಗಿದ್ದೆ. ಒಳಗೆ ಬಂದ ಅಪ್ಪ ಸದ್ದಿಲ್ಲದೆ ಅದರ ಸ್ವಿಚ್ಚು ಆರಿಸಿದ.

"ಇಲಿ ವೈರ್ ಕಡದೈತಿ," ಎಂದ, ನನ್ನತ್ತ ನೋಡದೆ.

ಯಾರದೋ ಎತ್ತಿನ ಗಾಡಿ ಸಿದ್ದಾಪುರದ ಆಸ್ಪತ್ರೆ ಮುಟ್ಟುವಷ್ಟರಲ್ಲಿ ತಂಗಿ ಉಸಿರು ನಿಂತು ತಣ್ಣಗಾಗಿದ್ದಳು.

ವಾರದೊಳಗೆ ಅಪ್ಪ ಇಲಿಬೋನು ತಂದ. ವ್ಯಾನು ಮಾರುವವರೆಗೂ ದಿನಾ ಸಂಜೆ, ಅವ್ವನ ಎದುರಿಗೇ, ಅದಕ್ಕೊಂದು ರೊಟ್ಟಿ ಚೂರು ಸಿಕ್ಕಿಸುತ್ತಿದ್ದ.